ಹಳೆಯ ಮೋಡೆಮ್‌ಗೆ ಹಿತ್ತಿಲ ಕೋಣೆಯಲ್ಲೊಂದು ಕೆಲಸ

ಆಷಾಢದ ಒಂದು ಮಧ್ಯಾಹ್ನ ನಮ್ಮ ಮನೆಗೆ ಇಂಟರ್ನೆಟ್ಟಿನ ಫೈಬರ್ ಎಳೆಯಲು ಬಂದ ಹುಡುಗ ಪಡಸಾಲೆಯ ಕಿಟಕಿಯ ಚೌಕಟ್ಟಿನಲ್ಲಿ ತೂತು ಕೊರೆದು, ತೆಳ್ಳನೆಯ ಕಪ್ಪು ತಂತಿಯೊಂದನ್ನು ಒಳಗೆ ತಂದು, ಹೊಸ ಬಿಳಿಯ ಪೆಟ್ಟಿಗೆಯನ್ನು ಗೋಡೆಗೆ ಬಿಗಿದು, ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿದ. ಅಮ್ಮ ಕೊಟ್ಟ ಕಾಫಿಯನ್ನು ನಿಂತುಕೊಂಡೇ ಕುಡಿದು ಲೋಟ ಕೆಳಗಿಡುವಾಗ, ಟೆಲಿಫೋನಿನ ಸ್ಟೂಲಿನ ಮೇಲೆ ಕೂತಿದ್ದ ಹಳೆಯ ಕಪ್ಪು ಮೋಡೆಮ್ ಅವನ ಕಣ್ಣಿಗೆ ಬಿತ್ತು. "ಅದನ್ನಿನ್ನು ಗುಜರಿಗೆ ಹಾಕಿ ಸರ್, ಅದರಿಂದ ಏನೂ ಉಪಯೋಗವಿಲ್ಲ" ಎಂದ. ನಾನೂ ಹೌದೆಂದು ತಲೆಯಾಡಿಸಿದೆ. ಆದರೆ ಗುಜರಿಯವನು ಬರುವ ಭಾನುವಾರಗಳು ಒಂದೊಂದಾಗಿ ಕಳೆದವೇ ಹೊರತು ಮೋಡೆಮ್ ಮಾತ್ರ ಮನೆ ಬಿಟ್ಟು ಹೋಗಲಿಲ್ಲ. ಸ್ಟೂಲಿನಿಂದ ಅಟ್ಟಕ್ಕೆ ಏರಿತು, ಅಷ್ಟೇ.

ನಮ್ಮದು ಮೈಸೂರಿನ ಒಂಟಿಕೊಪ್ಪಲಿನ ಹಳೆಯ ಮನೆ. ಬೀದಿಯ ಕಡೆಗೆ ಕಿರಿದಾಗಿ, ಹಿಂದಕ್ಕೆ ಉದ್ದವಾಗಿ ಚಾಚಿಕೊಂಡಿದೆ. ಪಡಸಾಲೆ, ನಡುಮನೆ, ದೇವರ ಮನೆ, ಅಡುಗೆಮನೆ ದಾಟಿದ ಮೇಲೆ ಹಿತ್ತಿಲ ಕಡೆಗೆ ಒಂದು ಕೋಣೆ ಸಿಗುತ್ತದೆ, ಅದು ಅಮ್ಮನದು. ಹೊಸ ಪೆಟ್ಟಿಗೆ ಬೀದಿಯ ಕಿಟಕಿಯ ಪಕ್ಕದಲ್ಲಿದ್ದುದರಿಂದ ಪಡಸಾಲೆಯಲ್ಲಿ ವೇಗ ಹೇಳತೀರದಷ್ಟು, ನಡುಮನೆಯಲ್ಲಿ ಪರವಾಗಿಲ್ಲ, ಅಡುಗೆಮನೆಯಲ್ಲಿ ಅದೃಷ್ಟವಿದ್ದರೆ ಉಂಟು, ಅಮ್ಮನ ಕೋಣೆಯಲ್ಲಿ ಏನೂ ಇಲ್ಲ. ಸಂಜೆ ಅಮ್ಮ ಟ್ಯಾಬ್ಲೆಟ್ಟಿನಲ್ಲಿ ಕಚೇರಿ ಕೇಳುವಾಗ ಆಲಾಪನೆಯ ನಡುವೆ ಗಾಯಕರು ಬಾಯಿ ತೆರೆದಂತೆಯೇ ನಿಂತುಬಿಡುತ್ತಿದ್ದರು. "ಹಳೆಯದೇ ಚೆನ್ನಾಗಿತ್ತು" ಎಂದು ಅಮ್ಮ ಮೂರನೆಯ ಬಾರಿ ಹೇಳಿದ ದಿನ ನಾನು ಏಣಿ ಹಾಕಿದೆ.

ಅಮ್ಮ ಹೇಳಿದ್ದು ನಿಜವಲ್ಲ. ಹಳೆಯ ಸಂಪರ್ಕ ಚೆನ್ನಾಗಿರಲಿಲ್ಲ. 2013ರಲ್ಲಿ ದುಡ್ಡು ಕೊಟ್ಟು ಕೊಂಡ ಆ ಮೋಡೆಮ್ ಕೆಲಸ ಮಾಡುತ್ತಿದ್ದುದು ಎಡಿಎಸ್‌ಎಲ್ ಎಂಬ ತಂತ್ರದಲ್ಲಿ, ಎಂದರೆ ಅಪ್ಪನ ಕಾಲದಿಂದಲೂ ಮನೆಗೆ ಬಂದಿದ್ದ ಟೆಲಿಫೋನಿನ ಜೋಡಿ ತಾಮ್ರದ ತಂತಿಯ ಮೇಲೆಯೇ. ಮನುಷ್ಯರ ಮಾತಿಗೆ ಆ ತಂತಿಯಲ್ಲಿ 4 ಕಿಲೋಹರ್ಟ್ಸ್‌ಗಿಂತ ಹೆಚ್ಚು ಜಾಗ ಬೇಕಿಲ್ಲ. ಅದಕ್ಕಿಂತ ಬಹಳ ಮೇಲೆ, ಸುಮಾರು 25 ಕಿಲೋಹರ್ಟ್ಸ್‌ನಿಂದ ಆಚೆಗೆ ಖಾಲಿ ಬಿದ್ದಿದ್ದ ಬಯಲಿನಲ್ಲಿ ಇಂಟರ್ನೆಟ್ ಓಡಾಡುತ್ತಿತ್ತು. ಎರಡೂ ಬೆರೆಯದಂತೆ ತಡೆಯಲು ಗೋಡೆಯ ಬಳಿ ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಪ್ಲಿಟರ್ ಇರುತ್ತಿತ್ತು. ಎಡಿಎಸ್‌ಎಲ್2+ ಎಂಬ ಸುಧಾರಿತ ರೂಪದಲ್ಲಿ ಸೆಕೆಂಡಿಗೆ 24 ಮೆಗಾಬಿಟ್ ಬರಬಹುದೆಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಅದು ಟೆಲಿಫೋನ್ ಎಕ್ಸ್‌ಚೇಂಜಿನ ಪಕ್ಕದ ಮನೆಯವರಿಗೆ ಸಲ್ಲುವ ಮಾತು. ತಾಮ್ರದಲ್ಲಿ ದೂರ ಹೋದಷ್ಟೂ ಸಂಕೇತ ಸೊರಗುತ್ತದೆ. ನಮಗೆ ಸಿಗುತ್ತಿದ್ದುದು ನಾಲ್ಕು, ಒಳ್ಳೆಯ ದಿನವಾದರೆ ಐದು.

ಮಳೆಗಾಲದಲ್ಲಿ ಅದೂ ಇಲ್ಲ. ಬೀದಿಯ ಕೊನೆಯ ಕಂಬದ ಪೆಟ್ಟಿಗೆಯೊಳಗೆ ನೀರು ಇಳಿದರೆ ಫೋನಿನಲ್ಲಿ ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು ಕೇಳಿಸುತ್ತಿತ್ತು, ಮೋಡೆಮ್‌ನ ದೀಪ ಮಿಟುಕುತ್ತಿತ್ತು. ಆಗ ನಾನು ಕಂಪ್ಯೂಟರಿನಲ್ಲಿ ಮೋಡೆಮ್‌ನ ಒಳಪುಟ, ಎಂದರೆ ಅದರ ಸೆಟ್ಟಿಂಗ್‌ಗಳ ಪುಟ, ತೆರೆದು ಕೂರುತ್ತಿದ್ದೆ. ಅದರಲ್ಲಿ ಲೈನ್ ಅಟೆನ್ಯುಯೇಷನ್ ಎಂಬ ಅಂಕಿಯೊಂದಿತ್ತು, ಅದು ತಂತಿಯಲ್ಲಿ ಸಂಕೇತ ಎಷ್ಟು ಸವೆದಿದೆ ಎಂದು ಹೇಳುತ್ತಿತ್ತು. ಎಸ್‌ಎನ್‌ಆರ್ ಮಾರ್ಜಿನ್ ಎಂಬ ಇನ್ನೊಂದು ಅಂಕಿ, ಗದ್ದಲದ ನಡುವೆ ಸಂಕೇತಕ್ಕೆ ಎಷ್ಟು ಉಸಿರು ಉಳಿದಿದೆ ಎಂದು ಹೇಳುತ್ತಿತ್ತು. ಎರಡನೆಯದು 6 ಡೆಸಿಬೆಲ್‌ಗಿಂತ ಕೆಳಗಿಳಿದರೆ ಸಂಪರ್ಕ ಇನ್ನೇನು ಕಡಿಯುತ್ತದೆ ಎಂದೇ ಅರ್ಥ. ಕಾಯಿಲೆಯವರ ಮನೆಯಲ್ಲಿ ಜ್ವರ ಅಳೆದು ಬರೆದಿಡುವಂತೆ ಆ ಅಂಕಿಗಳನ್ನು ನಾನು ಡೈರಿಯ ಹಿಂಬದಿಯಲ್ಲಿ ಬರೆದಿಡುತ್ತಿದ್ದೆ. ದೂರು ಕೊಟ್ಟಾಗ ಅದರಿಂದ ಏನಾದರೂ ಪ್ರಯೋಜನವಾಯಿತೇ ಎಂದರೆ ಇಲ್ಲ. ಆದರೆ ತಪ್ಪು ಮೋಡೆಮ್‌ನದಲ್ಲ, ತಂತಿಯದು ಎಂಬುದು ಆ ಹನ್ನೊಂದು ವರ್ಷಗಳಲ್ಲಿ ನನಗೆ ಖಚಿತವಾಗಿತ್ತು. ಗುಜರಿಗೆ ಹಾಕಲು ಕೈ ಬಾರದೇ ಇದ್ದುದಕ್ಕೆ ಅದೇ ಕಾರಣವಿರಬೇಕು.

ಫೈಬರ್ ಹುಡುಗ ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ನಾವು ಮನೆಮಾತಿನಲ್ಲಿ ಮೋಡೆಮ್ ಎಂದು ಕರೆಯುವ ಪೆಟ್ಟಿಗೆಯೊಳಗೆ ವಾಸ್ತವದಲ್ಲಿ ನಾಲ್ಕು ಸಾಧನಗಳು ಒಂದೇ ಸೂರಿನಡಿ ಬಿಡಾರ ಹೂಡಿರುತ್ತವೆ. ಮಾಡ್ಯುಲೇಟರ್ ಮತ್ತು ಡಿಮಾಡ್ಯುಲೇಟರ್ ಎಂಬ ಎರಡು ಪದಗಳ ತುಂಡುಗಳನ್ನು ಸೇರಿಸಿ ಮಾಡಿದ ಹೆಸರು ಮೋಡೆಮ್. ಅದರ ಕೆಲಸ ಹೊರಗಿನ ತಂತಿಯ ಭಾಷೆಯನ್ನು ಮನೆಯೊಳಗಿನ ಭಾಷೆಗೂ ಇದನ್ನು ಅದಕ್ಕೂ ಬದಲಿಸುವುದಷ್ಟೇ. ಅದರ ಪಕ್ಕದಲ್ಲಿ ಕೂತ ರೌಟರ್, ಹೊರಗಿನಿಂದ ಬಂದ ಒಂದೇ ವಿಳಾಸವನ್ನು ಮನೆಯ ಹತ್ತು ಸಾಧನಗಳಿಗೆ ಹಂಚಿ, ಯಾರ ಉತ್ತರ ಯಾರಿಗೆ ಎಂದು ಲೆಕ್ಕ ಇಡುತ್ತದೆ. ಹಿಂಬದಿಯ ನಾಲ್ಕು ಹಳದಿ ಕಿಂಡಿಗಳು, ಎಂದರೆ ಮನೆಯೊಳಗಿನ ಜಾಲದ ಲ್ಯಾನ್ ಕಿಂಡಿಗಳು, ಸ್ವಿಚ್ ಎಂಬ ಮೂರನೆಯ ಸಾಧನದವು. ವೈ-ಫೈ ಹೊಮ್ಮಿಸುವ ಆಕ್ಸೆಸ್ ಪಾಯಿಂಟ್ ನಾಲ್ಕನೆಯದು. ಹೊಸ ಸಂಪರ್ಕದಲ್ಲಿ ಬೆಳಕು ಗಾಜಿನ ಎಳೆಯಲ್ಲಿ ಬರುತ್ತದೆ, 1490 ನ್ಯಾನೋಮೀಟರ್ ಅಲೆಯಳತೆಯಲ್ಲಿ ಒಳಗೆ, 1310ರಲ್ಲಿ ಹೊರಗೆ. ಅದನ್ನು ಓದಲು ಹಳೆಯ ಪೆಟ್ಟಿಗೆಗೆ ಕಣ್ಣೇ ಇಲ್ಲ. ಆದ್ದರಿಂದ ಮೋಡೆಮ್ ಆಗಿ ಅದರ ಆಯಸ್ಸು ಮುಗಿಯಿತು. ಉಳಿದ ಮೂವರು ಬಿಡಾರದವರಿಗೆ ಏನೂ ಆಗಿರಲಿಲ್ಲ.

ಅಟ್ಟದಿಂದ ಇಳಿಸಿದ್ದಾಯಿತು, ಅಡಾಪ್ಟರ್ ಇಲ್ಲ. ನಮ್ಮ ಮನೆಯಲ್ಲಿ ಅಡಾಪ್ಟರುಗಳೆಲ್ಲ ಒಂದು ಹಳೆಯ ಮೈಸೂರು ಪಾಕಿನ ಡಬ್ಬದಲ್ಲಿ ವಾಸವಾಗಿವೆ. ಏಳು ಕಪ್ಪು ಅಡಾಪ್ಟರುಗಳು, ಎಲ್ಲವೂ ನೋಡಲು ಅಣ್ಣತಮ್ಮಂದಿರಂತೆ, ಬಾಲಗಳು ಒಂದಕ್ಕೊಂದು ಹೆಣೆದುಕೊಂಡು. ಬಿಡಿಸಿ, ಪಿನ್ನು ಸರಿಯಾಗಿ ಕೂತ ಮೊದಲನೆಯದನ್ನೇ ಸಿಕ್ಕಿಸಿದೆ. ದೀಪಗಳು ಹತ್ತಿದವು, ಒಂದು ನಿಮಿಷದಲ್ಲಿ ಎಲ್ಲವೂ ಒಟ್ಟಿಗೆ ಆರಿದವು, ಮತ್ತೆ ಹತ್ತಿದವು. ಹೀಗೆ ಐದಾರು ಸಲ ಆದ ಮೇಲೆ ಪೆಟ್ಟಿಗೆ ಸತ್ತಿದೆ ಎಂದೇ ತೀರ್ಮಾನಿಸಿ ಮೇಲೆ ಇಡಲು ಹೊರಟವನು, ಕೊನೆಗೊಮ್ಮೆ ಕನ್ನಡಕ ಹಾಕಿಕೊಂಡು ಅಡಿಯ ಚೀಟಿ ಓದಿದೆ. ಮೋಡೆಮ್ ಕೇಳುವುದು 12 ವೋಲ್ಟ್, 1 ಆಂಪಿಯರ್. ನಾನು ಕೊಟ್ಟದ್ದು ಯಾವುದೋ ಕಾಲದ ಕಾರ್ಡ್‌ಲೆಸ್ ಫೋನಿನ 9 ವೋಲ್ಟ್. ವೈ-ಫೈ ಚಾಲೂ ಆಗುವಾಗ ಬೇಕಾಗುವ ಹೆಚ್ಚಿನ ವಿದ್ಯುತ್ತನ್ನು ಅದು ಒದಗಿಸಲಾರದೆ ಕುಸಿಯುತ್ತಿತ್ತು. ಇದು ಉಲ್ಟಾ ಆಗಿದ್ದರೆ, ಎಂದರೆ 9 ವೋಲ್ಟ್ ಕೇಳುವ ಸಾಧನಕ್ಕೆ 12 ಕೊಟ್ಟಿದ್ದರೆ, ಒಳಗೆ ಸುಟ್ಟು ಹೋಗುವ ಸಂಭವವಿತ್ತು. ವೋಲ್ಟ್ ಒಂದೇ ಇರಬೇಕು, ಆಂಪಿಯರ್ ಹೆಚ್ಚಿದ್ದರೆ ಅಡ್ಡಿಯಿಲ್ಲ, ಕಡಿಮೆ ಇರಬಾರದು. ಚೀಟಿಯ ಮೇಲಿನ ಚಿಕ್ಕ ಚಿತ್ರದಲ್ಲಿ ಧನ ಚಿಹ್ನೆ ಪಿನ್ನಿನ ನಡುವಿಗೋ ಹೊರಮೈಗೋ ಎಂಬುದೂ ಹೊಂದಬೇಕು. ಸರಿಯಾದ ಅಡಾಪ್ಟರ್ ಡಬ್ಬದ ತಳದಲ್ಲಿತ್ತು. ಈಗ ಅದಕ್ಕೆ ಬಿಳಿ ಪಟ್ಟಿ ಅಂಟಿಸಿ ಹೆಸರು ಬರೆದಿದ್ದೇನೆ.

ಮುಂದಿನದು ಪಾಸ್‌ವರ್ಡ್. ಒಳಪುಟದ ಪಾಸ್‌ವರ್ಡ್ ಬದಲಿಸಿದ್ದು ನಾನೇ, ಮರೆತದ್ದೂ ನಾನೇ. ಅಮ್ಮನ ಸೀರೆಪಿನ್ನಿನಿಂದ ಹಿಂಬದಿಯ ಸಣ್ಣ ರಂಧ್ರದೊಳಗಿನ ರಿಸೆಟ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಪೆಟ್ಟಿಗೆ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳುತ್ತದೆ. ಇದರಿಂದ ಇನ್ನೊಂದು ಲಾಭವೂ ಆಯಿತು. ಹಳೆಯ ಸಂಪರ್ಕದ ಬಳಕೆದಾರರ ಹೆಸರು, ಗುಪ್ತಪದ, ಮನೆಯ ವೈ-ಫೈ ಪಾಸ್‌ವರ್ಡ್ ಎಲ್ಲವೂ ಅಷ್ಟು ದಿನವೂ ಆ ಪೆಟ್ಟಿಗೆಯೊಳಗೆ ಕೂತಿದ್ದವು. ಅವೆಲ್ಲ ಅಳಿಸಿ ಹೋದವು. ಗುಜರಿಯವನ ತಕ್ಕಡಿಗೆ ಹಾಕುವವರಾದರೂ ಈ ಹತ್ತು ಸೆಕೆಂಡಿನ ಕೆಲಸ ಮಾಡಿಯೇ ಹಾಕುವುದು ಒಳ್ಳೆಯದು.

ಇಲ್ಲಿಯವರೆಗಿನದು ಸುಲಭ. ಇದಾದ ಮೇಲೆ ನಾನು ಮಾಡಿದ ಒಂದು ಅವಸರದಿಂದ ಮನೆಯ ಇಂಟರ್ನೆಟ್ ಒಂದು ಇಡೀ ದಿನ ತಲೆಕೆಳಗಾಯಿತು. ಹೊಸ ಪೆಟ್ಟಿಗೆಯಿಂದ ಹಳೆಯದಕ್ಕೆ ಒಂದು ಲ್ಯಾನ್ ಕೇಬಲ್ ಎಳೆದುಬಿಟ್ಟರೆ ಸಾಕು, ಉಳಿದದ್ದನ್ನು ಆಮೇಲೆ ನಿಧಾನವಾಗಿ ಸರಿಪಡಿಸಿಕೊಳ್ಳೋಣ ಎಂದುಕೊಂಡು ಕೇಬಲ್ ಸಿಕ್ಕಿಸಿಯೇಬಿಟ್ಟೆ. ಅಮ್ಮನ ಕೋಣೆಯಲ್ಲಿ ವೈ-ಫೈ ಗೆರೆಗಳು ತುಂಬಿ ನಿಂತವು. ಅಮ್ಮನ ಟ್ಯಾಬ್ಲೆಟ್ "ಸಂಪರ್ಕಗೊಂಡಿದೆ, ಇಂಟರ್ನೆಟ್ ಇಲ್ಲ" ಎಂದಿತು. ಅದು ಹಾಗಿರಲಿ, ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದ ಪಡಸಾಲೆಯ ಟಿವಿಯೂ ಅದನ್ನೇ ಹೇಳತೊಡಗಿತು. ನನ್ನ ಫೋನು ನಡೆಯುತ್ತಿತ್ತು. ಹೆಂಡತಿಯ ಫೋನು ನಡೆಯುತ್ತಿರಲಿಲ್ಲ. ಊಟದ ಹೊತ್ತಿಗೆ ಅದಲುಬದಲಾಯಿತು. ಹೊಸ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಕೂಗಾಡುವ ಹಂತಕ್ಕೆ ಬಂದಿದ್ದೆ. ಆ ಫೋನ್ ಮಾಡದೇ ಇದ್ದುದು ನನ್ನ ಪುಣ್ಯ, ಏಕೆಂದರೆ ತಪ್ಪು ಪೂರ್ತಿ ನನ್ನದೇ ಆಗಿತ್ತು.

ಆದದ್ದನ್ನು ಮದುವೆ ಛತ್ರದ ಉದಾಹರಣೆಯಿಂದ ಹೇಳಿದರೆ ಅಮ್ಮನಿಗೆ ಅರ್ಥವಾಯಿತು, ಹಾಗಾಗಿ ಇಲ್ಲಿಯೂ ಅದನ್ನೇ ಬರೆಯುತ್ತೇನೆ. ಛತ್ರಕ್ಕೆ ಬಂದ ನೆಂಟರಿಗೆ ಕೋಣೆಯ ಬೀಗದ ಕೈ ಕೊಡಲು ಬಾಗಿಲಲ್ಲಿ ಒಬ್ಬ ಮ್ಯಾನೇಜರ್ ಇರುತ್ತಾನೆ. ಮನೆಯ ಜಾಲದಲ್ಲಿ ಆ ಕೆಲಸ ಮಾಡುವುದು ಡಿಎಚ್‌ಸಿಪಿ. ಯಾವ ಸಾಧನ ಬಂದರೂ ಅದಕ್ಕೊಂದು ಐಪಿ ವಿಳಾಸ ಕೊಟ್ಟು, ಹೊರಗೆ ಹೋಗುವ ಬಾಗಿಲು ಇಂಥಲ್ಲಿದೆ ಎಂದೂ ತೋರಿಸುತ್ತದೆ. ಹೊಸ ಪೆಟ್ಟಿಗೆಯಲ್ಲಿ ಒಬ್ಬ ಮ್ಯಾನೇಜರ್ ಇದ್ದ, ರಿಸೆಟ್ ಆಗಿ ಎದ್ದ ಹಳೆಯ ಪೆಟ್ಟಿಗೆಯಲ್ಲಿ ಇನ್ನೊಬ್ಬ ಎದ್ದು ಕೂತ. ಸಾಧನಗಳು ಮ್ಯಾನೇಜರ್ ಯಾರೆಂದು ವಿಚಾರಿಸುವುದಿಲ್ಲ. ಯಾರು ಮೊದಲು ಉತ್ತರ ಕೊಟ್ಟರೋ ಅವರ ಕೈಯಿಂದ ಬೀಗದ ಕೈ ಪಡೆಯುತ್ತವೆ. ಹಳೆಯ ಮ್ಯಾನೇಜರ್ ಕೈಗೆ ಸಿಕ್ಕವರಿಗೆಲ್ಲ "ಹೊರಬಾಗಿಲು ನನ್ನ ಹಿಂದೆಯೇ ಇದೆ" ಎಂದು ತೋರಿಸುತ್ತಿದ್ದ. ಅವನ ಹಿಂದೆ ಇದ್ದುದು ಟೆಲಿಫೋನ್ ತಂತಿಯ ಕಿಂಡಿ, ಅದಕ್ಕೆ ತಂತಿಯೇ ಇರಲಿಲ್ಲ.

ಇದು ಸಾಲದೆಂಬಂತೆ ಎರಡು ಪೆಟ್ಟಿಗೆಗಳ ವಿಳಾಸವೂ ಒಂದೇ: 192.168.1.1. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಇರುವವರಿಗೆ ಈ ತೊಂದರೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮನೆಗೆ ಹಳೆಯ ಡೋರ್ ನಂಬರ್, ಇನ್ನೊಂದಕ್ಕೆ ಹೊಸ ಡೋರ್ ನಂಬರ್, ಎರಡೂ ಒಂದೇ ಆಗಿದ್ದರೆ ಪೋಸ್ಟಿನವನು ಯಾವ ಗೇಟಿನ ಮುಂದೆ ನಿಂತು ಕೂಗಬೇಕು? ನಮ್ಮ ಮನೆಯ ಟಿವಿ ಕೂಡ ಹೊರಗೆ ಕಳಿಸಬೇಕಾದದ್ದನ್ನು ಒಮ್ಮೆ ಈ ಗೇಟಿಗೆ, ಒಮ್ಮೆ ಆ ಗೇಟಿಗೆ ಹಾಕುತ್ತ ದಿನ ಕಳೆದಿತ್ತು.

ಪರಿಹಾರ ಎರಡೇ ಮಾತಿನದು, ಆದರೆ ಕ್ರಮ ಮುಖ್ಯ. ಮೊದಲು ಕೇಬಲ್ ಕಿತ್ತು, ಹಳೆಯ ಪೆಟ್ಟಿಗೆಯನ್ನು ಮನೆಯ ಜಾಲದಿಂದ ದೂರ ಇಟ್ಟು, ಅದೊಂದನ್ನೇ ಲ್ಯಾಪ್‌ಟಾಪಿಗೆ ಜೋಡಿಸಿದೆ. ಒಳಪುಟದಲ್ಲಿ ಲ್ಯಾನ್ ಎಂಬ ಭಾಗಕ್ಕೆ ಹೋಗಿ ಅದರ ವಿಳಾಸವನ್ನು 192.168.1.250 ಎಂದು ಬದಲಿಸಿದೆ. ಹೊಸ ಪೆಟ್ಟಿಗೆ ಹಂಚುವ ವಿಳಾಸಗಳ ಕೊನೆಯ ಅಂಕಿ 2ರಿಂದ 200ರವರೆಗೆ. ಆ ಸಾಲಿನ ಆಚೆಗಿನ ಅಂಕಿಯಾದ್ದರಿಂದ 250 ಇನ್ನಾರಿಗೂ ಹೋಗುವುದಿಲ್ಲ. ವಿಳಾಸ ಬದಲಾದ ಕೂಡಲೇ ಪುಟ ಕಣ್ಮರೆಯಾಗುತ್ತದೆ. ಗಾಬರಿಯಾಗಬೇಕಿಲ್ಲ, ಹೊಸ ವಿಳಾಸ ಬರೆದು ಮತ್ತೆ ಒಳಗೆ ಹೋಗಬೇಕು. ಆಮೇಲೆ ಡಿಎಚ್‌ಸಿಪಿಯನ್ನು ಬಂದ್ ಮಾಡಿದೆ, ಎಂದರೆ ಎರಡನೆಯ ಮ್ಯಾನೇಜರನನ್ನು ಮನೆಗೆ ಕಳಿಸಿದೆ. ಈ ಎರಡೂ ಆದ ಮೇಲೆಯೇ ಹೊಸ ಪೆಟ್ಟಿಗೆಯ ಲ್ಯಾನ್ ಕಿಂಡಿಯಿಂದ ಹಳೆಯದರ ಲ್ಯಾನ್ ಕಿಂಡಿಗೆ ಕೇಬಲ್ ಹಾಕಿದೆ. ಟೆಲಿಫೋನಿನ ಸಣ್ಣ ಕಿಂಡಿ ಖಾಲಿಯೇ ಇರಬೇಕು. ಈಗ ಹಳೆಯ ಪೆಟ್ಟಿಗೆ ರೌಟರ್ ಕೆಲಸವನ್ನೂ ಬಿಟ್ಟು, ಬಂದದ್ದನ್ನು ಬಂದ ಹಾಗೆಯೇ ದಾಟಿಸುವ ಸ್ವಿಚ್ ಮತ್ತು ವೈ-ಫೈ ಆಗಿ ಮಾತ್ರ ಉಳಿಯಿತು. ಅಷ್ಟಾದರೂ ಅಮ್ಮನ ಟ್ಯಾಬ್ಲೆಟ್ ಮೊಂಡು ಹಿಡಿದಿತ್ತು. ಹಳೆಯ ಮ್ಯಾನೇಜರ್ ಕೊಟ್ಟ ಬೀಗದ ಕೈಗೆ ಇಪ್ಪತ್ತನಾಲ್ಕು ಗಂಟೆಯ ಅವಧಿ ಇತ್ತು. ಅದು ಮುಗಿಯುವ ತನಕ ತನ್ನದೇ ಸರಿಯೆಂದು ಅದು ನಂಬಿಕೊಂಡಿತ್ತು. ವೈ-ಫೈ ಒಮ್ಮೆ ಆರಿಸಿ ಹಾಕಿದ ಮೇಲೆ ದಾರಿಗೆ ಬಂತು.

ಕೆಲವು ಮೋಡೆಮ್‌ಗಳಲ್ಲಿ ನಾಲ್ಕನೆಯ ಲ್ಯಾನ್ ಕಿಂಡಿಯನ್ನು ಹೊರಬಾಗಿಲಾಗಿ ಬದಲಿಸಿಕೊಳ್ಳುವ ಅನುಕೂಲವಿರುತ್ತದೆ. ಆಗ ಹಳೆಯ ಪೆಟ್ಟಿಗೆ ರೌಟರ್ ಆಗಿಯೇ ಮುಂದುವರಿಯಬಹುದು. ನಾನು ಅದಕ್ಕೆ ಹೋಗಲಿಲ್ಲ. ಒಂದರ ಹಿಂದೆ ಒಂದು ಎರಡು ರೌಟರ್ ನಿಂತರೆ ಅಮ್ಮನ ಕೋಣೆಯದೇ ಬೇರೆ ಸಂಸಾರವಾಗಿ, ಅಲ್ಲಿಂದ ಪಡಸಾಲೆಯ ಪ್ರಿಂಟರ್ ಕಾಣಿಸದೇ ಹೋಗುತ್ತದೆ. ಮನೆ ಒಂದೇ ಇರಲಿ ಅನ್ನಿಸಿತು.

ಕೇಬಲ್ ಎಳೆದದ್ದು ಬೇರೆಯದೇ ಕತೆ. ದೇವರಾಜ ಅರಸು ರಸ್ತೆಯ ಅಂಗಡಿಯಿಂದ 20 ಮೀಟರ್ ಕ್ಯಾಟ್ 5ಇ ದರ್ಜೆಯ ಲ್ಯಾನ್ ಕೇಬಲ್ ತಂದು, ನಡುಮನೆಯ ಗವಾಕ್ಷಿಯಿಂದ ತೂರಿಸಿ, ತೊಲೆಯ ಮೇಲೆ ಹಾಯಿಸಿ, ಅಡುಗೆಮನೆಯ ಹೊಗೆ ಹಿಡಿದ ಮೂಲೆಯಿಂದ ಅಮ್ಮನ ಕೋಣೆಗೆ ಇಳಿಸಿದೆ. ತುದಿಗೆ ಕನೆಕ್ಟರ್ ಹಾಕುವಾಗ ಎಂಟು ಎಳೆಗಳನ್ನು ಬಣ್ಣದ ಕ್ರಮದಲ್ಲಿ ಜೋಡಿಸಬೇಕು: ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ನೀಲಿ, ನೀಲಿ ಬಿಳಿ, ಹಸಿರು, ಕಂದು ಬಿಳಿ, ಕಂದು. ಅಕ್ಕಪಕ್ಕದಲ್ಲಿ ಇರಬೇಕಾದ ಹಸಿರಿನ ಜೋಡಿಯನ್ನು ನೀಲಿಯ ಜೋಡಿ ನಡುವೆ ನುಗ್ಗಿ ಬೇರೆ ಮಾಡುವುದೇಕೆ ಎಂದು ಪ್ರತಿ ಸಲವೂ ಕೈ ಎಡವುತ್ತದೆ. ಮೂರನೆಯ ಪ್ರಯತ್ನಕ್ಕೆ ಸರಿಯಾಯಿತು. ಎರಡು ತಿಂಗಳ ನಂತರ ಇಲಿಯೊಂದು ತೊಲೆಯ ಮೇಲೆ ಕೇಬಲ್ಲನ್ನು ಕಡಿದು ಕಂದು ಬಣ್ಣದ ಎರಡು ಎಳೆಗಳನ್ನು ತುಂಡರಿಸಿತು. ಏನೂ ಆಗಲಿಲ್ಲ. ಹಳೆಯ ಪೆಟ್ಟಿಗೆಯ ಕಿಂಡಿಗಳು ಸೆಕೆಂಡಿಗೆ 100 ಮೆಗಾಬಿಟ್ಟಿನವು. ಆ ವೇಗಕ್ಕೆ ಎಂಟರಲ್ಲಿ ನಾಲ್ಕೇ ಎಳೆ ಸಾಕು, ಕಿತ್ತಳೆಯ ಜೋಡಿ ಮತ್ತು ಹಸಿರಿನ ಜೋಡಿ. ಇಲಿಗೆ ಇದು ಗೊತ್ತಿದ್ದು ಕಡಿಯಿತೋ ಏನೋ. ಅಂಟುಪಟ್ಟಿ ಸುತ್ತಿ ಹಾಗೆಯೇ ಬಿಟ್ಟಿದ್ದೇನೆ.

ತಂತಿಯಿಲ್ಲದೆಯೇ ಸಂಕೇತ ಹಿಗ್ಗಿಸುವ ಪುಟ್ಟ ಸಾಧನಗಳು ಸಿಗುವಾಗ ಇಷ್ಟೆಲ್ಲ ಏಕೆ ಎಂದು ಎದುರುಮನೆಯ ನಿವೃತ್ತ ಎಂಜಿನಿಯರ್ ಕೇಳಿದರು. ನಮ್ಮ ಮನೆಯ ಗೋಡೆಗಳನ್ನು ಅವರು ನೋಡಿಯೂ ಹಾಗೆ ಕೇಳಿದ್ದು ನನಗೆ ಆಶ್ಚರ್ಯ. ಒಂದೂಕಾಲು ಅಡಿ ದಪ್ಪದ ಇಟ್ಟಿಗೆ ಗೋಡೆಗಳು ಮೂರು, ನಡುವೆ ಅಜ್ಜಿಯ ಕಾಲದ ಉಕ್ಕಿನ ಬೀರು, ಅಡುಗೆಮನೆಯ ನೀರಿನ ಡ್ರಮ್ಮು. ವೈ-ಫೈಯ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರುತ್ತದೆ, ಉಕ್ಕು ಹಿಂದಕ್ಕೆ ಎಸೆಯುತ್ತದೆ, ದಪ್ಪ ಗೋಡೆ ಸೊರಗಿಸುತ್ತದೆ; ಬಡವಾಗಿ ಬಂದ ಸಂಕೇತವನ್ನು ಹಿಗ್ಗಿಸುವ ಸಾಧನ ಆ ಬಡತನವನ್ನೇ ಹಿಗ್ಗಿಸುತ್ತದೆ. ಕೇಬಲ್ಲಿನಲ್ಲಿ ಹೋದದ್ದು ಮಾತ್ರ ಸವೆಯದೆ ಆ ತುದಿ ಮುಟ್ಟುತ್ತದೆ, ಅದಕ್ಕೆ 100 ಮೀಟರಿನವರೆಗೆ ಪರವಾನಗಿಯಿದೆ.

ಅಮ್ಮನಿಗೆ ಇದೆಲ್ಲ ವಿಚಿತ್ರವಾಗಿ ಕಾಣುತ್ತದೆ. ನಮ್ಮ ಇದೇ ಒಂಟಿಕೊಪ್ಪಲಿನಲ್ಲಿ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಚಿಕ್ಕ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಪ್ರಸಾರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ನೆಲೆಯೂರಿದ್ದು ಆ ನಿಲಯದಿಂದ. "ಒಂದು ಮನೆಯಿಂದ ಊರಿಗೆಲ್ಲ ಕೇಳಿಸಿದರಂತೆ, ನಿನ್ನದು ಪಡಸಾಲೆಯಿಂದ ಹಿತ್ತಿಲಿಗೆ ಕೇಳಿಸುವುದಿಲ್ಲವೇ?" ಎಂದು ಅಮ್ಮ ಕೇಳಿದರೆ ಏನು ಹೇಳುವುದು. ಬಾನುಲಿಯ ಮಧ್ಯಮ ತರಂಗದ ಒಂದೊಂದು ಅಲೆಯೂ ನೂರಾರು ಮೀಟರ್ ಉದ್ದ, ಅದಕ್ಕೆ ನಮ್ಮ ಗೋಡೆ ಲೆಕ್ಕಕ್ಕಿಲ್ಲ. ವೈ-ಫೈ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್, ಹಿಂದಿರುವ ಬಲ ಸುಮಾರು ಒಂದು ವ್ಯಾಟಿನ ಹತ್ತನೆಯ ಒಂದು ಪಾಲು ಎಂದೆ. ಅಮ್ಮ ಬೀರುವನ್ನೇ ಬೇರೆ ಕಡೆ ಇಡಬಹುದಲ್ಲ ಎಂದರು. ಬೀರು ಅಲ್ಲಿಂದ ಕದಲದೆ ನಲವತ್ತು ವರ್ಷವಾಗಿದೆ.

ವೈ-ಫೈಗೆ ಹೆಸರಿಡುವಾಗ ಕನ್ನಡದಲ್ಲೇ "ಹಿತ್ತಿಲು" ಎಂದು ಬರೆಯಬೇಕೆಂಬ ಆಸೆಯಿತ್ತು. ಹೆಸರಿಗೆ 32 ಬೈಟ್ ಜಾಗವಿರುತ್ತದೆ, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಒತ್ತು, ಗುಣಿತ ಎಲ್ಲ ಬಿಡಿಬಿಡಿಯಾಗಿ ಎಣಿಸಿದರೆ "ಹಿತ್ತಿಲು" ಎಂಬುದು ಎಂಟು ಚಿಹ್ನೆ, 24 ಬೈಟ್. ಜಾಗವೇನೋ ಸಾಲುತ್ತಿತ್ತು, ಹಳೆಯ ಪೆಟ್ಟಿಗೆ ಮಾತ್ರ ಕನ್ನಡ ಅಕ್ಷರ ಕಂಡು ಅಮಾನ್ಯವೆಂದಿತು. ಇಂಗ್ಲಿಷ್ ಅಕ್ಷರಗಳಲ್ಲಿ ಅದೇ ಪದ ಬರೆದೆ. ಎರಡೂ ಪೆಟ್ಟಿಗೆಗೆ ಒಂದೇ ಹೆಸರಿಡಬಹುದಿತ್ತು; ಆದರೆ ಯಾವುದನ್ನು ಹಿಡಿಯಬೇಕೆಂದು ನಿರ್ಧರಿಸುವುದು ಟ್ಯಾಬ್ಲೆಟ್, ಅದು ದೂರದ ಪಡಸಾಲೆಯ ಸಂಕೇತವನ್ನೇ ಜೋತು ಹಿಡಿದು ಕೂರುತ್ತದೆ. ಬೇರೆ ಹೆಸರಿದ್ದರೆ ಅಮ್ಮನೇ ಆರಿಸಿಕೊಳ್ಳಬಹುದು. ಹೊಸದು ಚಾನೆಲ್ 1ರಲ್ಲಿ, ಹಳೆಯದು 11ರಲ್ಲಿ. ಹಾಗಾಗಿ ಒಂದರ ಮಾತಿನ ಮೇಲೆ ಇನ್ನೊಂದು ಮಾತಾಡುವುದಿಲ್ಲ.

ಒಂದು ಅಳುಕು ಉಳಿದಿತ್ತು. ಈ ಪೆಟ್ಟಿಗೆಯ ತಂತ್ರಾಂಶಕ್ಕೆ ತಯಾರಕರಿಂದ ಪರಿಷ್ಕರಣೆ ಬರುವುದು ನಿಂತು ಎಷ್ಟೋ ವರ್ಷಗಳಾಗಿವೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡಿದ್ದು ಯಾವ ಮಹಾ ವಿದ್ಯೆಯಿಂದಲೂ ಅಲ್ಲ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್‌ಗಳ ಒಂದು ಪಟ್ಟಿಯಿಂದ. ಮರುವರ್ಷ ಜುಲೈನಲ್ಲಿ ನಮ್ಮ ರಾಜ್ಯದಲ್ಲಿಯೇ ಸಾವಿರಾರು ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಇಂಥದ್ದೇ ದಾಳಿಗೆ ಸಿಕ್ಕಿ ಕೆಟ್ಟು ನಿಂತವು. "ಅಡ್ಮಿನ್" ಎಂಬ ಪದವನ್ನು ಬದಲಿಸದೆ ಬಿಟ್ಟವರ ಪೆಟ್ಟಿಗೆಗಳು ಅವು. ಈಗ ನನ್ನ ಹಳೆಯ ಪೆಟ್ಟಿಗೆ ನೇರವಾಗಿ ಬೀದಿಗೆ ಮುಖ ಮಾಡಿಲ್ಲ, ಹೊಸ ಪೆಟ್ಟಿಗೆಯ ಬೆನ್ನ ಹಿಂದೆ ಇದೆ. ಅಪಾಯ ಬಹುಮಟ್ಟಿಗೆ ಕಡಿಮೆ, ಪೂರ್ತಿ ಇಲ್ಲವೆಂದಲ್ಲ. ಒಳಪುಟದ ಪಾಸ್‌ವರ್ಡ್ ಬದಲಿಸಿ ಈ ಸಲ ಡೈರಿಯಲ್ಲಿ ಬರೆದಿಟ್ಟೆ. ವೈ-ಫೈ ಭದ್ರತೆಯನ್ನು ಡಬ್ಲ್ಯುಪಿಎ2ಕ್ಕೆ, ಗೂಢಲಿಪಿಯನ್ನು ಎಇಎಸ್‌ಗೆ ನಿಲ್ಲಿಸಿ, ಗುಂಡಿ ಒತ್ತಿದರೆ ಜೋಡಣೆಯಾಗುವ ಡಬ್ಲ್ಯುಪಿಎಸ್ ಸೌಲಭ್ಯ ಮುಚ್ಚಿದೆ. ಡಬ್ಲ್ಯುಇಪಿ ಎಂಬ ಹಳೆಯ ದುರ್ಬಲ ಭದ್ರತೆ ಮಾತ್ರ ಬಲ್ಲ ಇನ್ನೂ ಹಳೆಯ ಪೆಟ್ಟಿಗೆಯಾಗಿದ್ದರೆ ಅದರ ವೈ-ಫೈ ಆರಿಸಿ, ಬರೀ ಸ್ವಿಚ್ ಆಗಿ ಬಳಸುತ್ತಿದ್ದೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿ ಪೆಟ್ಟಿಗೆಗೆ ಮರುಜನ್ಮ ಕೊಡುವವರಿದ್ದಾರೆ. ನನ್ನದರಲ್ಲಿರುವ ಚಿಪ್ಪಿಗೂ ಅಂಗೈಯಗಲದ ಸ್ಮೃತಿಗೂ ಅದು ಒಗ್ಗುವಂಥದ್ದಲ್ಲ.

ಎಲ್ಲ ಪೆಟ್ಟಿಗೆಗಳನ್ನೂ ಹೀಗೆ ಉಳಿಸಿಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಪಕ್ಕದ ಬೀದಿಯ ಗೆಳೆಯರೊಬ್ಬರು ಒಂದು ಫೈಬರ್ ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದಾಗ, ತಂತ್ರ ಒಂದೇ ತಾನೇ ಎಂದು ಹಳೆಯ ಫೈಬರ್ ಪೆಟ್ಟಿಗೆಗೆ ಹೊಸ ಗಾಜಿನ ತಂತಿ ಸಿಕ್ಕಿಸಿ ನೋಡಿದರು. ಕೆಂಪು ದೀಪ ಆರಲೇ ಇಲ್ಲ. ಫೈಬರ್ ಪೆಟ್ಟಿಗೆಯ ಕ್ರಮಸಂಖ್ಯೆ ಆ ತುದಿಯ ಕಂಪನಿಯ ಯಂತ್ರದಲ್ಲಿ ದಾಖಲಾಗಿರಬೇಕು, ಅಪರಿಚಿತ ಪೆಟ್ಟಿಗೆಯನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೇಲಾಗಿ ಅದು ಬಾಡಿಗೆಯದಾಗಿತ್ತು. ಹಿಂದಿರುಗಿಸದೆ ಇಟ್ಟುಕೊಂಡದ್ದಕ್ಕೆ ಅವರ ಠೇವಣಿಯಲ್ಲಿ ಹಣ ಮುರಿದುಕೊಂಡಾಗ ಗೊತ್ತಾಯಿತು. ನನ್ನದು ರಸೀದಿ ಇರುವ ಸ್ವಂತದ್ದು ಎಂಬುದನ್ನು ನಾನು ಅವತ್ತೇ ಹೋಗಿ ನೋಡಿಕೊಂಡೆ.

ವಿದ್ಯುತ್ತಿನ ಲೆಕ್ಕವನ್ನೂ ಹಾಕಿದ್ದೇನೆ. ಪೆಟ್ಟಿಗೆ ಎಳೆಯುವುದು ಸುಮಾರು 6 ವ್ಯಾಟ್. ಹಗಲು ರಾತ್ರಿ ಉರಿದರೆ ತಿಂಗಳಿಗೆ ನಾಲ್ಕು ಯೂನಿಟ್ಟಿಗೆ ತುಸು ಹೆಚ್ಚು. ಅಮ್ಮನ ಕೋಣೆಯಲ್ಲಿ ವೇಗ ಸೆಕೆಂಡಿಗೆ 100 ಮೆಗಾಬಿಟ್ಟಿನ ಬದಲು 40ರ ಆಸುಪಾಸು ಬರುತ್ತದೆ, ಏಕೆಂದರೆ ಒಂದೇ ಆಂಟೆನಾದ ಹಳೆಯ ವೈ-ಫೈ ಅಷ್ಟೇ ಕೊಡಬಲ್ಲದು. ಹಳೆಯ ತಾಮ್ರದ ತಂತಿ ಈ ಪೆಟ್ಟಿಗೆಗೆ ತನ್ನ ಜೀವಮಾನದಲ್ಲಿ ಒಮ್ಮೆಯೂ ತಂದು ಕೊಡದಿದ್ದ ವೇಗ ಅದು. ಅಮ್ಮನ ಸಂಗೀತ ಕಚೇರಿಗೆ ಐದಿದ್ದರೆ ಸಾಕು. ಮುಂದೊಂದು ದಿನ ಇದೂ ಕೆಟ್ಟಾಗ ತಕ್ಕಡಿಯವನಿಗೆ ಹಾಕದೆ ಇ-ತ್ಯಾಜ್ಯ ಪಡೆಯುವವರಿಗೇ ಕೊಡಬೇಕೆಂದಿದ್ದೇನೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಇಂಥವು ನೋಂದಾಯಿತ ಮರುಬಳಕೆದಾರರ ಕೈ ಸೇರಬೇಕು.

ಒಂದು ಸಂಗತಿಯನ್ನು ಮಾತ್ರ ಸರಿಪಡಿಸಲು ಆಗಲಿಲ್ಲ. ಪೆಟ್ಟಿಗೆಯ ಮುಂಭಾಗದಲ್ಲಿ ಎಡಿಎಸ್‌ಎಲ್ ಎಂದು ಬರೆದ ದೀಪವೊಂದಿದೆ. ಎಕ್ಸ್‌ಚೇಂಜಿನ ಜೊತೆ ಸಂಪರ್ಕ ಸಿಕ್ಕರೆ ಅದು ಸ್ಥಿರವಾಗಿ ಉರಿಯಬೇಕು, ಹುಡುಕುತ್ತಿರುವಾಗ ಮಿಟುಕಬೇಕು. ಒಳಪುಟದಲ್ಲಿ ಎಷ್ಟು ತಡಕಾಡಿದರೂ ಅದನ್ನು ಆರಿಸುವ ದಾರಿ ಸಿಗಲಿಲ್ಲ. ನಾನು ಹಿಂದೆ ಡೈರಿಗೆ ಇಳಿಸುತ್ತಿದ್ದ ಆ ಎರಡು ಅಂಕಿಗಳ ಜಾಗದಲ್ಲಿ ಈಗ ಸೊನ್ನೆ ಇದೆ. ಕಿಂಡಿಯಲ್ಲಿ ತಂತಿಯಿಲ್ಲ, 0821ರ ಮುಂದಿನ ನಮ್ಮ ಏಳಂಕಿಯ ಸಂಖ್ಯೆಯೂ ಈಗ ನಮ್ಮದಲ್ಲ, ಆದರೂ ದೀಪ ಇರುಳಿಡೀ ಮಿಟುಕುತ್ತಲೇ ಇರುತ್ತದೆ. ಕತ್ತಲೆ ಕೋಣೆಯಲ್ಲಿ ಅದರಿಂದ ನಿದ್ದೆ ಬರುವುದಿಲ್ಲವೆಂದು ಅಮ್ಮ ಎರಡು ದಿನ ಹೇಳಿದರು. ಮೂರನೆಯ ದಿನ ಹೇಳಲಿಲ್ಲ. ಹೋಗಿ ನೋಡಿದರೆ, ಕನ್ನಡಿಯ ಮೇಲೆ ಅಂಟಿಸಿಟ್ಟುಕೊಳ್ಳುವ ತಮ್ಮ ಕಡುಗೆಂಪು ಸ್ಟಿಕ್ಕರ್ ಬೊಟ್ಟುಗಳಲ್ಲಿ ಒಂದನ್ನು ತೆಗೆದು ಸರಿಯಾಗಿ ಆ ದೀಪದ ಮೇಲೆ ಇಟ್ಟಿದ್ದರು.